ಹಳೇ ರಸ್ತೆಯಲ್ಲಿ ಒಂದು ದಿನ: ಮೈಸೂರಿನಿಂದ ಚನ್ನಪಟ್ಟಣಕ್ಕೆ



ನೀವು ಈಚೆಗೆ ಮೈಸೂರಿನಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗಿದ್ದೀರಾ? ಹೋಗಿದ್ದರೆ ದಾರಿಯಲ್ಲಿ ಯಾವ ಯಾವ ಊರು ಸಿಕ್ಕಿತು ಎಂದು ಒಮ್ಮೆ ನೆನಪು ಮಾಡಿಕೊಂಡು ನೋಡಿ. ನನಗಂತೂ ಟೋಲ್ ಗೇಟ್ ಬಿಟ್ಟರೆ ಬೇರೇನೂ ನೆನಪಾಗುವುದಿಲ್ಲ.

ಕಳೆದ ವರ್ಷ ಸಂಬಂಧಿಕರ ನಿಕಾಹ್‌ಗೆಂದು ನಾವು ಮನೆಮಂದಿಯೆಲ್ಲ ಬೆಂಗಳೂರಿಗೆ ಹೊರಟಿದ್ದೆವು. ನನ್ನ ಅತ್ತೆಯವರು ಕಿಟಕಿಯ ಪಕ್ಕ ಕುಳಿತಿದ್ದರು. ಅವರನ್ನು ನಾವೆಲ್ಲ ಅಮ್ಮಿ ಎಂದೇ ಕರೆಯುವುದು. ಹೊರಟು ಒಂದು ಗಂಟೆಯಾಗಿರಬೇಕು, ಅಮ್ಮಿ ಕೇಳಿದರು: "ಚನ್ನಪಟ್ಟಣ ಬಂತಾ?"

"ಅದು ಆಗಲೇ ಹಿಂದೆ ಹೋಯ್ತು ಅಮ್ಮಿ. ಇನ್ನೇನು ಬಿಡದಿ ಬರುತ್ತೆ" ಎಂದರು ನಮ್ಮ ಮನೆಯವರು.

"ನಾನು ನೋಡಲೇ ಇಲ್ಲವಲ್ಲ?"

"ಈಗ ರಸ್ತೆ ಊರೊಳಗೆ ಹೋಗೋದೇ ಇಲ್ಲ ಅಮ್ಮಿ."

ಅಮ್ಮಿ ಮತ್ತೆ ಏನೂ ಕೇಳಲಿಲ್ಲ. ತಸ್ಬೀಹ್ ಮಣಿಗಳನ್ನು ಎಣಿಸುತ್ತಾ ಕುಳಿತುಬಿಟ್ಟರು. ಮದುವೆ ಮನೆಯಲ್ಲೂ ಅಂದು ಅವರು ಹೆಚ್ಚು ಮಾತಾಡಲಿಲ್ಲ.

ಚನ್ನಪಟ್ಟಣ ಅಮ್ಮಿಯ ತವರು. ಅವರು ಮದುವೆಯಾಗಿ ಮೈಸೂರಿನ ಮಂಡಿ ಮೊಹಲ್ಲಕ್ಕೆ ಬಂದು ಐವತ್ತು ವರ್ಷದ ಮೇಲಾಯಿತು. ತಂದೆ ತಾಯಿ ತೀರಿಕೊಂಡ ಮೇಲೆ ಮನೆ ಮಾರಾಟವಾಯಿತು. ತಮ್ಮಂದಿರು ಬೆಂಗಳೂರು ಸೇರಿದರು. ಇಳಿದು ಹೋಗಲು ಆ ಊರಿನಲ್ಲಿ ಬಾಗಿಲೇ ಇಲ್ಲವಾಯಿತು. ಆದರೆ ಬೆಂಗಳೂರಿಗೆ ಹೋಗುವಾಗಲೆಲ್ಲ ಬಸ್ಸು ಆ ಊರೊಳಗಿಂದ ಹಾದುಹೋಗುತ್ತಿತ್ತಷ್ಟೆ? ಬಣ್ಣದ ಕುದುರೆಗಳನ್ನು ಸಾಲಾಗಿ ಇಟ್ಟಿರುವ ಅಂಗಡಿಗಳು, ತಾವು ಓಡಾಡಿದ ಬೀದಿಯ ತಿರುವು, ಎಲ್ಲವನ್ನೂ ಐದು ನಿಮಿಷ ಕಿಟಕಿಯಿಂದ ನೋಡುತ್ತಿದ್ದರು. ಆ ಐದು ನಿಮಿಷವೇ ಅವರ ತವರಿನ ಭೇಟಿಯಾಗಿತ್ತೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಹೆದ್ದಾರಿಯು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ನಾನು ಆ ರಸ್ತೆಯನ್ನು ದೂರುತ್ತಿಲ್ಲ. ಮೂರೂವರೆ ಗಂಟೆಯ ದಾರಿ ಅರ್ಧದಷ್ಟಾಗಿದೆ. ಬೆಂಗಳೂರಿನ ಆಸ್ಪತ್ರೆಗೆ ಓಡಬೇಕಾದವರಿಗೆ ಅದರ ಬೆಲೆ ಗೊತ್ತು. ಆದರೆ ಬೇಗ ತಲುಪುವುದೊಂದೇ ಪ್ರಯಾಣವೇ?

ನಮ್ಮ ಮನೆಗಳ ಹೆಂಗಸರು ಎಲ್ಲಿಗೆ ಪ್ರಯಾಣ ಮಾಡುತ್ತೇವೆ ಎಂದು ಲೆಕ್ಕ ಹಾಕಿ ನೋಡಿ. ಮದುವೆ, ಬಾಣಂತನ, ಆಸ್ಪತ್ರೆ, ಮಯ್ಯಿತ್. ಅಲ್ಲಾಹನು ಅನುಗ್ರಹಿಸಿದವರಿಗೆ ಹಜ್ಜ್ ಉಮ್ರಾ. ದಾರಿಯಲ್ಲಿ "ಇಲ್ಲಿ ಸ್ವಲ್ಪ ನಿಲ್ಲಿಸಿ, ನಾನು ನೋಡಬೇಕು" ಎಂದು ಹೇಳಿದ ಹೆಂಗಸು ನಮ್ಮಲ್ಲಿ ಎಷ್ಟು ಮಂದಿ? ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಹಲವೆಡೆ ಹೇಳುತ್ತದೆ. ಆ ಮಾತು ಗಂಡಸರಿಗೆ ಮಾತ್ರ ಎಂದು ಯಾವ ತಫ್ಸೀರ್‌ನಲ್ಲೂ ನಾನು ಓದಿಲ್ಲ. ಪ್ರವಾದಿವರ್ಯರು(ಸ) ಒಂದು ಪ್ರಯಾಣದಲ್ಲಿ ಸಂಗಡಿಗರನ್ನು ಮುಂದೆ ಕಳುಹಿಸಿ ಹ. ಆಯಿಶಾರೊಂದಿಗೆ(ರ) ಓಟದ ಪಂದ್ಯ ಕಟ್ಟಿದ ಘಟನೆಯನ್ನು ಹದೀಸ್ ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನ ವಿದ್ಯಾರ್ಥಿನಿಯರ ಮುಖ ಅರಳುತ್ತದೆ. ಪ್ರಯಾಣವೆಂದರೆ ಸಾಮಾನು ಕಾಯುವ ಕೆಲಸ ಮಾತ್ರವಲ್ಲ ಎಂದು ಅವರಿಗೆ ಆಗ ಅನಿಸುತ್ತದೆಯೋ ಏನೋ.

ಇರಲಿ. ಡಿಸೆಂಬರ್ ಕೊನೆಯ ರಜೆಯಲ್ಲಿ ನಾವು ಒಂದು ತೀರ್ಮಾನಕ್ಕೆ ಬಂದೆವು. ಹಳೇ ರಸ್ತೆಯಲ್ಲೇ ಹೋಗುವುದು, ಅಮ್ಮಿ ಹೇಳಿದಲ್ಲಿ ನಿಲ್ಲಿಸುವುದು, ಚನ್ನಪಟ್ಟಣದಲ್ಲಿ ಇಳಿಯುವುದು, ರಾತ್ರಿಗೆ ಮನೆ ಸೇರುವುದು. ಅಮ್ಮಿ, ನಮ್ಮ ಮನೆಯವರು, ನನ್ನ ನಾದಿನಿ ಮತ್ತು ಅವರ ಮಗ, ನಾನು, ನನ್ನ ಇಬ್ಬರು ಹೆಣ್ಣುಮಕ್ಕಳು, ಹೀಗೆ ಏಳು ಜನ. ದೊಡ್ಡದೊಂದು ಬಾಡಿಗೆ ಕಾರು ಗೊತ್ತು ಮಾಡಿದೆವು. ಕಾರು ಇಲ್ಲದವರು ಚಿಂತಿಸಬೇಕಿಲ್ಲ. ಇದೇ ಊರುಗಳಿಗೆ ಸರಕಾರಿ ಬಸ್ಸುಗಳಿವೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಂತೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಆಧಾರ್ ಕಾರ್ಡು ಕೈಚೀಲದಲ್ಲಿದ್ದರೆ ಸಾಕು. ಶ್ರೀರಂಗಪಟ್ಟಣಕ್ಕಂತೂ ಮೈಸೂರಿನ ನಗರ ಬಸ್ ನಿಲ್ದಾಣದಿಂದಲೇ ಬಸ್ಸು ಸಿಗುತ್ತದೆ.

ಹೊರಡುವ ಮುನ್ನ ಮೈಸೂರಿನ ಬಗ್ಗೆ ಒಂದು ಮಾತು. ಹೊರಗಿನಿಂದ ಬರುವ ಓದುಗರಿಗೆ ಅರಮನೆ, ಮೃಗಾಲಯಗಳ ಬಗ್ಗೆ ನಾನು ಹೇಳಬೇಕಾಗಿಲ್ಲ. 1892ರಲ್ಲಿ ಆರಂಭವಾದ ಮೃಗಾಲಯಕ್ಕೆ ಮಂಗಳವಾರ ರಜೆ ಎಂಬುದನ್ನು ಮಾತ್ರ ಮರೆಯಬೇಡಿ. ಮಕ್ಕಳನ್ನು ಕರೆದುಕೊಂಡು ಬಂದು ಮುಚ್ಚಿದ ಗೇಟಿನ ಮುಂದೆ ನಿಂತ ಕುಟುಂಬಗಳನ್ನು ನಾನು ಕಂಡಿದ್ದೇನೆ. ಬೃಂದಾವನವನ್ನು ನೋಡುವವರು, ಅದನ್ನು ರೂಪಿಸಿದವರು 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಎಂದು ಮಕ್ಕಳಿಗೆ ಹೇಳಿ. ಈದ್‌ನ ಮರುದಿನ ನಾವು ಮೈಸೂರಿನವರು ಹೋಗುವುದೂ ಈ ಎರಡು ಕಡೆಗೇ. ಅದಕ್ಕಾಗಿಯೇ ಈ ಸಲ ಅವುಗಳನ್ನು ಬಿಟ್ಟೆವು.

ಬನ್ನಿಮಂಟಪ ದಾಟಿ, ಸಿದ್ದಲಿಂಗಪುರ ಕಳೆದು, ಶ್ರೀರಂಗಪಟ್ಟಣಕ್ಕೆ ಮೊದಲೇ ಎಡಕ್ಕೆ ತಿರುಗಿದರೆ ರಂಗನತಿಟ್ಟು. ಮೈಸೂರಿನಿಂದ ಅರ್ಧ ಗಂಟೆಯ ದಾರಿಯೂ ಇಲ್ಲ. ಐವತ್ತು ವರ್ಷ ಮೈಸೂರಿನಲ್ಲಿದ್ದ ಅಮ್ಮಿ ಇದನ್ನು ನೋಡಿರಲಿಲ್ಲ. ಕಾವೇರಿ ನದಿಗೆ 17ನೇ ಶತಮಾನದಲ್ಲಿ ಮೈಸೂರಿನ ಅರಸರು ಕಟ್ಟಿಸಿದ ಒಡ್ಡಿನಿಂದ ಇಲ್ಲಿ ನಡುಗಡ್ಡೆಗಳುಂಟಾದವು. ಅಲ್ಲಿಯ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟತೊಡಗಿದವು. ಇದನ್ನು ಹಕ್ಕಿಗಳಿಗಾಗಿ ಕಾಪಾಡಬೇಕೆಂದು ಮೈಸೂರು ಮಹಾರಾಜರಿಗೆ ಮನವರಿಕೆ ಮಾಡಿದವರು ಪಕ್ಷಿತಜ್ಞ ಡಾ. ಸಲೀಂ ಅಲಿ. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಇದಕ್ಕೆ ರಾಮ್‌ಸರ್ ತಾಣವೆಂಬ ಅಂತಾರಾಷ್ಟ್ರೀಯ ಮಾನ್ಯತೆಯೂ ಸಿಕ್ಕಿತು. ಸಲೀಂ ಅಲಿಯವರ ಪತ್ನಿ ತಹ್ಮಿನಾ ಕಾಡುಮೇಡುಗಳಲ್ಲಿ ಗಂಡನ ಜೊತೆಗೇ ಇದ್ದು ಅವರ ಕೆಲಸಕ್ಕೆ ನೆರವಾದವರು. 1939ರಲ್ಲಿ ಅವರು ತೀರಿಕೊಂಡರು. ರಂಗನತಿಟ್ಟು ಪಕ್ಷಿಧಾಮವಾದದ್ದು ಅದರ ಮರುವರ್ಷ.

ದೋಣಿ ಹತ್ತಲು ಅಮ್ಮಿ ಒಪ್ಪಲೇ ಇಲ್ಲ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ಮೊಮ್ಮಗ ತೋರಿಸಿಬಿಟ್ಟಿದ್ದೇ ತಪ್ಪಾಯಿತು. ಕೊನೆಗೆ ಆಯತುಲ್ ಕುರ್ಸಿ ಓದಿಕೊಂಡು, ನಾದಿನಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತರು. ಹುಟ್ಟು ಹಾಕುವವನು ದೋಣಿಯನ್ನು ಮರಗಳ ಹತ್ತಿರಕ್ಕೆ ಒಯ್ದ. ಚಮಚದಂತಹ ಕೊಕ್ಕಿನ ಬಿಳಿ ಹಕ್ಕಿಗಳು, ರೆಕ್ಕೆ ಹರವಿ ಒಣಗಿಸುತ್ತಿದ್ದ ನೀರುಕಾಗೆಗಳು, ಬಾಯಿ ಮುಚ್ಚಿದರೂ ಕೊಕ್ಕಿನ ನಡುವೆ ಸಂದು ಉಳಿಯುವ ಕೊಕ್ಕರೆಗಳು. ಆ ಸಂದು ಬಸವನಹುಳುವನ್ನು ಹಿಡಿಯಲು ಅನುಕೂಲವಂತೆ. ರೆಕ್ಕೆ ಬಿಚ್ಚುತ್ತ ಮಡಚುತ್ತ ಮೇಲೆ ಹಾರುವ ಹಕ್ಕಿಗಳ ಪ್ರಸ್ತಾಪ ಸೂರಃ ಮುಲ್ಕ್‌ನಲ್ಲಿದೆ. ಅಮ್ಮಿ ಪ್ರತಿ ರಾತ್ರಿ ಅದನ್ನು ಓದಿ ಮಲಗುವವರು. ದೋಣಿ ಇಳಿದ ಮೇಲೆ ಅವರು ಹೇಳಿದ್ದು ಇಷ್ಟೇ: "ಇಷ್ಟು ವರ್ಷ ಓದ್ತಿದ್ದೆ. ನಿಂತು ನೋಡಿದ್ದು ಇವತ್ತು." ಹೋಗುವುದಾದರೆ ಚಳಿಗಾಲದಿಂದ ಬೇಸಗೆಯ ಆರಂಭದೊಳಗೆ ಹೋಗಿ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟಾಗ ದೋಣಿಗಳನ್ನು ನಿಲ್ಲಿಸಿಬಿಡುತ್ತಾರೆ.

ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹತ್ತೇ ನಿಮಿಷ. ಈ ಊರಿನ ಬಗ್ಗೆ ನಡೆಯುವ ವಾದವಿವಾದಗಳು ನಿಮಗೆ ಗೊತ್ತಿರುವಂಥದ್ದೇ. ಟಿವಿಯಲ್ಲಿ ಅದನ್ನು ನೋಡಿ ನೋಡಿ ನಮ್ಮ ಮಕ್ಕಳಿಗೂ ಟಿಪ್ಪು ಸುಲ್ತಾನ್ ಎಂದರೆ ಜಗಳ ಎಂದೇ ಅನಿಸಿಬಿಟ್ಟಿದೆ. ಒಮ್ಮೆ ಕರೆದುಕೊಂಡು ಹೋಗಿ ಕಲ್ಲು, ಮರ, ಬಣ್ಣಗಳನ್ನು ತೋರಿಸಿ. ಕೋಟೆಯೊಳಗೆ ಶ್ರೀರಂಗನಾಥನ ದೇವಾಲಯವಿದೆ, ಅದರಿಂದ ಸ್ವಲ್ಪ ದೂರದಲ್ಲೇ ಸುಲ್ತಾನರ ಲಾಲ್ ಮಹಲ್ ಅರಮನೆಯಿದ್ದ ಜಾಗವಿದೆ. ಅರಮನೆ ಉಳಿದಿಲ್ಲ, ದೇವಾಲಯ ಉಳಿದಿದೆ. ಇದನ್ನು ಮಗ ತಾನಾಗಿಯೇ ಗಮನಿಸಿ ಕೇಳಿದ. ನಾನು ವಿವರಿಸುವ ಕೆಲಸ ಉಳಿಯಿತು. ರೈಲು ಹಳಿಯ ದಾರಿಯಲ್ಲಿದ್ದ ಟಿಪ್ಪುವಿನ ಮದ್ದಿನ ಮನೆಯೊಂದನ್ನು 2017ರಲ್ಲಿ ಕೆಡವದೆ, ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದ್ದಾರೆ. ಹುಡುಗರಿಗೆ ಇಷ್ಟವಾಗುವ ಸಂಗತಿ ಇದು.

ಮಸ್ಜಿದೆ ಆಲಾ ಎತ್ತರದ ಜಗತಿಯ ಮೇಲಿದೆ. ಟಿಪ್ಪುವಿನ ಕಾಲದಲ್ಲಿ, 1780ರ ದಶಕದಲ್ಲಿ ಕಟ್ಟಿದ ಇದರ ಎರಡು ಮಿನಾರಗಳಲ್ಲಿ ಪಾರಿವಾಳಗಳಿಗೆಂದು ಗೂಡುಗಳಿವೆ. ಅಮ್ಮಿಗೆ ಮೊಣಕಾಲು ನೋವು. ಮೆಟ್ಟಿಲ ಬುಡದಲ್ಲೇ ಕುಳಿತು ಪಾರಿವಾಳಗಳನ್ನು ನೋಡಿದರು. ದರಿಯಾ ದೌಲತ್ ಬಾಗ್‌ನಲ್ಲಿ ನಾವು ಹೆಚ್ಚು ಹೊತ್ತು ಕಳೆಯಲಿಲ್ಲ. 1784ರ ಈ ಬೇಸಗೆ ಅರಮನೆಯ ಗೋಡೆಗೋಡೆಯೂ ಚಿತ್ರಮಯ. ಒಂದು ಗೋಡೆಯ ತುಂಬಾ 1780ರ ಪೊಲ್ಲಿಲೂರು ಯುದ್ಧವಿದೆ. ಯುದ್ಧದ ಚಿತ್ರ ಗಂಡುಮಕ್ಕಳಿಗೆ ಸಾಕಾಗುವುದೇ ಇಲ್ಲ. ನನ್ನ ಚಿಕ್ಕ ಮಗಳು ಮಾತ್ರ ಛಾವಣಿಯ ಹೂಬಳ್ಳಿಯನ್ನು ತನ್ನ ಮೆಹಂದಿ ಪುಸ್ತಕಕ್ಕೆ ನಕಲು ಮಾಡಿಕೊಂಡಳು.

ನನಗೆ ನಿಮ್ಮನ್ನು ನಿಲ್ಲಿಸಿ ತೋರಿಸಬೇಕೆನಿಸುವುದು ಗುಂಬಜ್. ಸಾಲುಮರಗಳ ನಡುವೆ ನಡೆದುಹೋದರೆ ಎದುರಿಗೆ ಬಿಳಿ ಗುಮ್ಮಟ, ಸುತ್ತಲೂ ಕನ್ನಡಿಯಂತೆ ಹೊಳೆಯುವ ಕಪ್ಪು ಕಲ್ಲಿನ ಕಂಬಗಳು. 1782ರ ಡಿಸೆಂಬರ್‌ನಲ್ಲಿ ತಂದೆ ಹೈದರ್ ಅಲಿ ಚಿತ್ತೂರಿನ ಸಮೀಪ ದಂಡಿನ ಶಿಬಿರದಲ್ಲಿ ತೀರಿಕೊಂಡ ಮೇಲೆ ಟಿಪ್ಪು ಇದನ್ನು ಕಟ್ಟಿಸಿದರು. ದಂತದ ಕುಸುರಿಯಿರುವ ಬಾಗಿಲುಗಳು ಆಮೇಲೆ ಲಾರ್ಡ್ ಡಾಲ್‌ಹೌಸಿ ಕೊಟ್ಟವು. ಒಳಗಿನ ಗೋಡೆಗಳಿಗೆ ಹುಲಿಪಟ್ಟೆಯ ಬಣ್ಣ. ಒಳಗೆ ಮೂರು ಗೋರಿಗಳಿವೆ. ನಡುವೆ ಹೈದರ್ ಅಲಿ, ಒಂದು ಬದಿಗೆ 1799ರ ಮೇ 4ರಂದು ಯುದ್ಧದಲ್ಲಿ ಹುತಾತ್ಮರಾದ ಟಿಪ್ಪು. ಇನ್ನೊಂದು ಬದಿಯ ಗೋರಿ ಯಾರದೆಂದು ಹೊರಬಂದವರನ್ನು ಕೇಳಿ ನೋಡಿ, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಅದು ಟಿಪ್ಪುವಿನ ತಾಯಿ ಫಾತಿಮಾ ಫಖ್ರುನ್ನಿಸಾ ಅವರದು. ಕಡಪದ ಕೋಟೆಯ ಅಧಿಕಾರಿಯಾಗಿದ್ದ ಮೀರ್ ಮುಈನುದ್ದೀನರ ಮಗಳು. ಮದುವೆಯಾಗಿ ಕನ್ನಡ ನಾಡಿಗೆ ಬಂದರು, ದೇವನಹಳ್ಳಿಯಲ್ಲಿ ಟಿಪ್ಪುವನ್ನು ಹೆತ್ತರು. ಈಗ ಗಂಡ ಮತ್ತು ಮಗನ ಜೊತೆಗೆ ಇಲ್ಲಿದ್ದಾರೆ. ನಾನು ಇದನ್ನು ಹೇಳಿದಾಗ ಅಮ್ಮಿ ಬಹಳ ಹೊತ್ತು ಆ ಗೋರಿಯ ಕಡೆಗೇ ನೋಡುತ್ತಿದ್ದರು. "ಆಮೇಲೆ ಕಡಪಕ್ಕೆ ಹೋಗಿದ್ದರಂತಾ?" ಎಂದು ಕೇಳಿದರು. ನನ್ನ ಬಿ.ಎ. ಇತಿಹಾಸದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹೊರಗಿನ ಅಂಗಳದಲ್ಲಿ ಆ ಮನೆತನದ ಹೆಂಗಸರ, ಮಕ್ಕಳ ಗೋರಿಗಳು ಸಾಲಾಗಿವೆ. ಬದುಕುಳಿದ ಹೆಂಗಸರ ಕಥೆ ಬೇರೆ. ಸುಲ್ತಾನರ ಮರಣದ ನಂತರ ಇಂಗ್ಲಿಷರು ರಾಜಕುಮಾರರನ್ನೂ ಅಂತಃಪುರದ ನೂರಾರು ಹೆಂಗಸರನ್ನೂ ವೆಲ್ಲೂರಿನ ಕೋಟೆಗೆ ಕಳುಹಿಸಿದರು. 1806ರಲ್ಲಿ ವೆಲ್ಲೂರಿನಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ ರಾಜಕುಮಾರರನ್ನು ಇನ್ನೂ ದೂರಕ್ಕೆ, ಕಲ್ಕತ್ತೆಗೆ ಸಾಗಿಸಿದರು. ಶ್ರೀರಂಗಪಟ್ಟಣದ ಅರಮನೆಯ ಹೆಂಗಸರು ಜೀವನದಲ್ಲಿ ಮಾಡಿದ ಅತಿ ದೊಡ್ಡ ಪ್ರಯಾಣ ಅದೇ ಇರಬೇಕು, ಅದೂ ಸೈನಿಕರ ಕಾವಲಿನಲ್ಲಿ.

ಒಂದು ಮಾತು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗೋರಿಯ ಮುಂದೆ ನಿಂತು ಬೇಡಿಕೊಳ್ಳುವವರನ್ನೂ, ಹರಕೆ ಹೊರುವವರನ್ನೂ ಅಲ್ಲಿ ಕಂಡೆ. ಮಣ್ಣು ಸೇರಿದವರಿಗೆ ಬೇಕಿರುವುದು ನಮ್ಮ ದುಆ. ಅವರಿಂದ ಬೇಡಲು ನಾವು ಹೋಗುವುದಲ್ಲ. ಬಾದಶಾಹನೂ ಮೂರು ಮೊಳ ಮಣ್ಣಿನಲ್ಲೇ ಮಲಗಿದ್ದಾನೆಂಬುದನ್ನು ಮಕ್ಕಳು ಕಣ್ಣಾರೆ ನೋಡಲಿ. ಸಲಾಂ ಹೇಳಿ, ದುಆ ಮಾಡಿ ಬನ್ನಿ.

ಬುತ್ತಿ ಬಿಚ್ಚಿದ್ದು ಗುಂಬಜ್‌ನಿಂದ ಸ್ವಲ್ಪ ಮುಂದೆ, ದ್ವೀಪದ ತುದಿಯಲ್ಲಿ ಕಾವೇರಿಯ ಎರಡು ಕವಲುಗಳು ಕೂಡುವ ಸಂಗಮದಲ್ಲಿ. ಚಪಾತಿ, ಖೀಮಾ, ಅಮ್ಮಿಗೆ ಮೊಸರನ್ನ. ನೀರು ನೋಡಲು ಶಾಂತವಾಗಿ ಕಂಡರೂ ಸೆಳೆತ ಜೋರು, ಮಕ್ಕಳನ್ನು ಇಳಿಯಲು ಬಿಡಬೇಡಿ. ಅಲ್ಲೇ ಮರದಡಿ ಚಾಪೆ ಹಾಸಿ ಝುಹರ್ ನಿರ್ವಹಿಸಿದೆವು. ಎರಡೇ ರಕಅತ್‌ಗೆ ಸಲಾಂ ಹೇಳಿದ್ದು ಕಂಡು ನಾದಿನಿಯ ಮಗನಿಗೆ ಆಶ್ಚರ್ಯ. "ಶ್ರೀರಂಗಪಟ್ಟಣ ನಮ್ಮ ಪಕ್ಕದ ಊರಲ್ವಾ?" ನಿಜ, ಇಲ್ಲಿಗಷ್ಟೇ ಬಂದಿದ್ದರೆ ನಾಲ್ಕು. ಆದರೆ ಹನಫೀ ವಿದ್ವಾಂಸರ ಲೆಕ್ಕದಂತೆ ಸುಮಾರು 77 ಕಿಲೋಮೀಟರಿಗಿಂತ ದೂರ ಹೋಗುವ ಸಂಕಲ್ಪದಿಂದ ಹೊರಟವರು ಊರಿನ ಎಲ್ಲೆ ದಾಟಿದಾಗಿನಿಂದಲೇ ಮುಸಾಫಿರರು. ಚನ್ನಪಟ್ಟಣ ಅದಕ್ಕಿಂತ ಸ್ವಲ್ಪ ಹೆಚ್ಚೇ ದೂರ. ಸ್ಥಳೀಯ ಇಮಾಮರ ಹಿಂದೆ ಓದುವಾಗ ಮಾತ್ರ ಪೂರ್ತಿ ನಾಲ್ಕು. ನಿಮ್ಮ ಊರಿನ ದೂರದ ಲೆಕ್ಕದಲ್ಲಿ ಅನುಮಾನವಿದ್ದರೆ ಹತ್ತಿರದ ಆಲಿಮರನ್ನು ಕೇಳಿಕೊಳ್ಳಿ.

ಚಾಪೆ ಮತ್ತು ಎರಡು ದೊಡ್ಡ ಬಾಟಲಿ ನೀರು ಕಾರಿನಲ್ಲಿರಲಿ ಎಂದು ನಾನು ಸುಮ್ಮನೆ ಹೇಳುತ್ತಿಲ್ಲ. ಹಿಂದೊಮ್ಮೆ ಇದೇ ರಸ್ತೆಯ ಒಂದು ಊರಿನಲ್ಲಿ ಮಸೀದಿಯ ಬಾಗಿಲಿಗೆ ಹೋಗಿ ವುಝೂಗೆ ನೀರು ಕೇಳಿದಾಗ, ಹೆಂಗಸರಿಗೆ ಇಲ್ಲಿ ವ್ಯವಸ್ಥೆಯಿಲ್ಲ ಎಂದು ಕಳುಹಿಸಿದ್ದರು. ನಮ್ಮ ಮನೆಯವರು ಒಳಗೆ ಜಮಾಅತ್‌ನಲ್ಲಿ ನಿಂತರು. ನಾವು ಕಾರಿನ ಸೀಟಿನಲ್ಲಿ ಕಾಯುತ್ತಾ ಕುಳಿತೆವು, ಆ ಅಸ್ರ್ ನಮಗೆ ಕಝಾ ಆಯಿತು. ಸ್ತ್ರೀಯರನ್ನು ಮಸೀದಿಯಿಂದ ತಡೆಯಬೇಡಿರೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಪ್ರತಿ ಮಸೀದಿಯೂ ದೊಡ್ಡ ಮಹಿಳಾ ವಿಭಾಗ ಕಟ್ಟಬೇಕೆಂದು ನಾನು ಹೇಳುವುದಿಲ್ಲ. ಹೆದ್ದಾರಿ ಬದಿಯ ಮಸೀದಿಗಳಲ್ಲಿ ಒಂದು ನಲ್ಲಿ, ಒಂದು ಶೌಚಾಲಯ, ಪರದೆ ಹಾಕಿದ ಒಂದು ಸಣ್ಣ ಕೋಣೆ ಇದ್ದರೆ ಸಾಕು. ಈ ಪತ್ರಿಕೆ ಮನೆಗೆ ಬರುವ ಗಂಡಸರಲ್ಲಿ ಕಮಿಟಿಯ ಸದಸ್ಯರೂ ಇರುತ್ತಾರೆ. ಅವರು ಈ ಪುಟ ಓದದಿದ್ದರೆ ನೀವೇ ಓದಿ ಹೇಳಿ.

ಮಂಡ್ಯದಲ್ಲಿ ಅಮ್ಮಿ ನಿಲ್ಲಿಸಲು ಹೇಳಲಿಲ್ಲ. ಕಬ್ಬಿನ ಗದ್ದೆಗಳನ್ನು ನೋಡುತ್ತಾ ಸಾಗಿದೆವು. ಮದ್ದೂರಿನಲ್ಲಿ ವಡೆ ತಿನ್ನದೆ ಹೋಗುವುದುಂಟೇ? ಮದ್ದೂರಿನ ರೈಲು ನಿಲ್ದಾಣದಲ್ಲಿ ಹೆಸರಾದ ತಿಂಡಿ ಇದು. ರವೆ, ಅಕ್ಕಿಹಿಟ್ಟು, ಮೈದಾ ಕಲಸಿ, ಧಾರಾಳವಾಗಿ ಈರುಳ್ಳಿ ಹಾಕಿ ತಟ್ಟಿ ಕರಿಯುವುದು. ಅಮ್ಮಿ ಅರ್ಧ ತಿಂದು ಹೇಳಿದರು, "ಮುಂಚೆ ಇನ್ನೂ ಮೆತ್ತಗಿತ್ತು." ವಡೆ ಗಟ್ಟಿಯಾಯಿತೋ ಅವರ ಹಲ್ಲು ಹೋಯಿತೋ, ನಾವು ಚರ್ಚಿಸಲಿಲ್ಲ.

ಮದ್ದೂರು ದಾಟಿದ ಮೇಲೆ ಅಮ್ಮಿ ಮುಂದಿನ ಸೀಟಿಗೆ ಬಂದರು. ಊರು ಹತ್ತಿರವಾದಂತೆ ಬುರ್ಖಾದ ಮುಸುಕನ್ನು ಸರಿಮಾಡಿಕೊಂಡರು, ಯಾರೋ ಕಾಯುತ್ತಿದ್ದಾರೇನೋ ಎಂಬಂತೆ. ಬೊಂಬೆ ಅಂಗಡಿಗಳು ಕಾಣಿಸಿದವು. ಅಂಗಡಿಯವರೊಬ್ಬರು ಹೇಳಿದ ಪ್ರಕಾರ, ಹೊಸ ರಸ್ತೆಯಾದ ಮೇಲೆ ಇಳಿದು ಕೊಳ್ಳುವವರು ಬಹಳ ಕಡಿಮೆಯಾಗಿದ್ದಾರೆ. ಮೊದಲು ಬೆಂಗಳೂರು ಮೈಸೂರಿನ ನಡುವೆ ಓಡಾಡುವ ಪ್ರತಿ ಕಾರೂ ಅವರ ಬಾಗಿಲ ಮುಂದೆಯೇ ಹೋಗಬೇಕಿತ್ತು.

ಚನ್ನಪಟ್ಟಣದ ಬೊಂಬೆಯ ಕೆಲಸ ನೋಡಬೇಕಾದರೆ ಅಂಗಡಿಗಳನ್ನು ಬಿಟ್ಟು ಬೀದಿಗಳ ಒಳಗೆ ಹೋಗಬೇಕು. ಈ ಕಸುಬಿಗಾಗಿ ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದರೆಂಬುದು ಊರಿನವರ ಮಾತು. ಇಂದಿಗೂ ಇದರಲ್ಲಿ ಮುಸ್ಲಿಮ್ ಮನೆಗಳು ಬಹಳ, ಹೆಂಗಸರೂ ಬಹಳ. ಆಲೆಮರದ ಬಿಳಿ ಮೃದು ಕಟ್ಟಿಗೆಯನ್ನು ಒಣಗಿಸಿ ತುಂಡು ಮಾಡುತ್ತಾರೆ. ಲೇತ್ ಯಂತ್ರದಲ್ಲಿ ತುಂಡು ಗಿರಗಿರನೆ ತಿರುಗುವಾಗ ಉಳಿ ಹಿಡಿದು ಆಕಾರ ಕೊಡುತ್ತಾರೆ. ಆಮೇಲೆ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಕಟ್ಟಿಗೆಗೆ ಹತ್ತಿಕೊಳ್ಳುತ್ತದೆ. ಕೊನೆಗೆ ಒಣಗಿದ ತಾಳೆಗರಿಯಿಂದ ಒತ್ತಿ ಉಜ್ಜಿದರೆ ಕನ್ನಡಿಯಂಥ ಹೊಳಪು. ಬ್ರಶ್ಶು ಇಲ್ಲ, ಡಬ್ಬಿಯ ಪೇಂಟು ಇಲ್ಲ. ಅರಿಸಿನದಂಥ ಸಸ್ಯದ ಬಣ್ಣ ಬಳಸಿದ ಬೊಂಬೆಯನ್ನು ಕೂಸು ಬಾಯಿಗೆ ಹಾಕಿದರೂ ಭಯವಿಲ್ಲ. ಕೊಳ್ಳುವಾಗ ಯಾವ ಬಣ್ಣವೆಂದು ಕೇಳಿ ಕೊಳ್ಳಿ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಆದರೆ ಅದೇ ಹೆಸರಿನಲ್ಲಿ ಬೇರೆ ಊರಿನ ಪ್ಲಾಸ್ಟಿಕ್ಕನ್ನೂ ಪಕ್ಕದಲ್ಲಿ ಇಟ್ಟು ಮಾರುವವರಿದ್ದಾರೆ.

ಅಮ್ಮಿಯ ಬೀದಿ ಸಿಕ್ಕಿತು. ಮನೆ ಸಿಗಲಿಲ್ಲ. ಆ ಜಾಗದಲ್ಲಿ ಮೂರಂತಸ್ತಿನ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ಅಮ್ಮಿ ಒಂದು ಕ್ಷಣ ನಿಂತು, "ಬಾವಿ ಇಲ್ಲಿತ್ತು" ಎಂದು ಮೆಟ್ಟಿಲನ್ನು ತೋರಿಸಿ ಮುಂದಕ್ಕೆ ನಡೆದರು. ಎರಡು ಮನೆ ಆಚೆ ಲೇತ್ ಸದ್ದು ಕೇಳಿಸುತ್ತಿತ್ತು. ಬಾಗಿಲಲ್ಲಿ ನಿಂತು ಸಲಾಂ ಹೇಳಿದೆವು. ಕೆಲಸ ಮಾಡುತ್ತಿದ್ದಾಕೆ ನಲವತ್ತರ ಹೆಂಗಸು. ಯಂತ್ರ ನಿಲ್ಲಿಸಿ, ಯಾರೆಂದು ಕೇಳಿ, ಅಮ್ಮಿಯ ತಂದೆಯ ಹೆಸರು ಹೇಳಿದೊಡನೆ ಕೈ ಹಿಡಿದು ಒಳಗೆ ಕೂರಿಸಿಬಿಟ್ಟಳು. ಆಕೆಯ ಅಜ್ಜಿ ಅಮ್ಮಿಯ ತಾಯಿಯ ಗೆಳತಿಯಂತೆ. ಚಹಾ ಬಂತು. ಯಾರು ಸತ್ತರು, ಯಾರು ಯಾವ ಊರಲ್ಲಿದ್ದಾರೆ, ಮಾತು ಮುಗಿಯುವಂತಿರಲಿಲ್ಲ.

ಮಾತಿನ ನಡುವೆ ಅಮ್ಮಿ ಎದ್ದುಹೋಗಿ ಯಂತ್ರದ ಪಕ್ಕದಲ್ಲಿದ್ದ ತಾಳೆಗರಿಯನ್ನು ಎತ್ತಿಕೊಂಡರು. "ಹಾಕು ಮಗಳೇ" ಎಂದರು. ಲೇತ್ ತಿರುಗಿತು. ಅರಗು ಹಚ್ಚಿದ್ದ ಕೆಂಪು ಗಿಲಕಿಯ ಮೇಲೆ ಗರಿಯನ್ನು ಒತ್ತಿ ಹಿಡಿದು ಮೆಲ್ಲನೆ ಆ ಕಡೆ ಈ ಕಡೆ ಸರಿಸಿದರು. ಹೊಳಪು ಬಂತು. ಮದುವೆಗೆ ಮುಂಚೆ ದಿನಕ್ಕೆ ಇಂಥವನ್ನು ಎಷ್ಟೋ ಉಜ್ಜಿ, ಬಂದ ಹಣದಲ್ಲಿ ತಮ್ಮಂದಿರ ಶಾಲೆಯ ಪುಸ್ತಕ ಕೊಡಿಸುತ್ತಿದ್ದರಂತೆ. ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾಯಿತು, ಅವರ ಮಗನಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ. ನಮ್ಮಿಬ್ಬರಿಗೂ ಇದು ಗೊತ್ತಿರಲಿಲ್ಲ. ನಾವು ಕೇಳಿರಲಿಲ್ಲ.

ಅಸ್ರ್‌ಗೆ ಆ ಮನೆಯಲ್ಲೇ ಜಾನಮಾಝ್ ಹಾಸಿಕೊಟ್ಟರು. ಅಮ್ಮಿ ಕುರ್ಚಿಯ ಮೇಲೆ ಕುಳಿತು ಎರಡು ರಕಅತ್‌ಗೆ ಸಲಾಂ ಹೇಳಿದರು. ಮನೆಯಾಕೆ ಕೇಳಿದಳು: "ಇದು ನಿಮ್ಮ ಹುಟ್ಟೂರಲ್ವಾ ಖಾಲಾ? ಕಸ್ರ್ ಯಾಕೆ?"

ಅಮ್ಮಿ ನನ್ನ ಕಡೆ ನೋಡಿದರು. ಪಾಠ ಹೇಳುವವಳು ನಾನಲ್ಲವೇ? ಹೆಣ್ಣು ಮದುವೆಯಾಗಿ ದೂರದ ಊರಿನಲ್ಲಿ ಖಾಯಂ ಆಗಿ ನೆಲೆಸಿದ ಮೇಲೆ, ಹನಫೀ ಮದ್ಸ್‌ಹಬ್‌ನ ಪ್ರಕಾರ ಅದೇ ಅವಳ ವತನ್. ತವರಿಗೆ ಹದಿನೈದು ದಿನಗಳಿಗಿಂತ ಕಡಿಮೆ ಅವಧಿಗೆ ಬಂದರೆ ಅವಳು ಮುಸಾಫಿರ್. ಫಿಕ್ಹ್ ತರಗತಿಯಲ್ಲಿ ನಾನು ಇದನ್ನು ವರ್ಷವರ್ಷವೂ ಹೇಳುತ್ತೇನೆ. ಹುಡುಗಿಯರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಎರಡು ಅಂಕ. ಅಂದು ಹೇಳುವಾಗ ನನ್ನ ದನಿ ಸ್ವಲ್ಪ ತಡವರಿಸಿತು.

"ಮದುವೆಯಾಗಿ ಮೊದಲ ಸಲ ಬಂದಾಗ ನಮ್ಮ ಅಬ್ಬಾ ಹೇಳಿದರು," ಎಂದರು ಅಮ್ಮಿ. "ಇನ್ನು ಮೇಲೆ ಇಲ್ಲಿ ನೀನು ಎರಡೇ ರಕಅತ್ ಓದಬೇಕು ಮಗಳೇ ಅಂತ. ಅಡಿಗೆ ಮನೆಯ ಪಕ್ಕದಲ್ಲಿ, ನಾನು ದಿನಾ ಓದುತ್ತಿದ್ದ ಜಾಗದಲ್ಲೇ ಓದಿದೆ. ಸಲಾಂ ಹೇಳಿದ ಮೇಲೆ ಅತ್ತುಬಿಟ್ಟೆ. ಅಬ್ಬಾ ಹೊರಗೆ ಹೋಗಿ ನಿಂತರು. ಅವರೂ ಅತ್ತರೋ ಏನೋ."

ಯಾರೂ ಮಾತಾಡಲಿಲ್ಲ. ಆಮೇಲೆ ಮನೆಯಾಕೆ ಇನ್ನೊಂದು ಸುತ್ತು ಚಹಾ ತಂದಳು.

ಮಗ್ರಿಬ್‌ನ ತನಕ ಅಲ್ಲೇ ಇದ್ದೆವು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನೂ ನೋಡಬೇಕೆಂದು ನಾನು ಹಾಕಿಕೊಂಡಿದ್ದ ಯೋಜನೆ ಹಾಗೇ ಉಳಿಯಿತು. ಅಮ್ಮಿ ಉಜ್ಜಿದ ಕೆಂಪು ಗಿಲಕಿಗೆ ಮನೆಯಾಕೆ ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ. ನಾವು ಬೇರೆ ನಾಲ್ಕಾರು ಸಾಮಾನು ಕೊಂಡು ಹಣ ಕೊಟ್ಟೆವು. ಕತ್ತಲಾದ ಕಾರಣ ಮರಳುವಾಗ ಹೊಸ ಹೆದ್ದಾರಿಯನ್ನೇ ಹಿಡಿದೆವು. ಬೇಲಿಯ ಆಚೆ ಊರುಗಳ ದೀಪಗಳು ದೂರದಲ್ಲಿ ಹಾದುಹೋಗುತ್ತಿದ್ದವು. ಮಕ್ಕಳು ನಿದ್ದೆಹೋದರು. ಅಮ್ಮಿ ಎಚ್ಚರವಾಗಿದ್ದರು.

ಶ್ರೀರಂಗಪಟ್ಟಣ ಕಳೆದ ಮೇಲೆ ಮಗನನ್ನು ಕರೆದು ಹೇಳಿದರು: "ಮುಂದಿನ ಸಲ ಫಜ್ರ್ ಓದಿದ ಕೂಡಲೇ ಹೊರಡೋಣ. ಹಕ್ಕಿ ನೋಡಿದ್ದು ಸಾಕು, ಆ ಹೊತ್ತೂ ಅಲ್ಲೇ ಸಿಗುತ್ತೆ. ಮದ್ದೂರಿನಲ್ಲೂ ನಿಲ್ಲಿಸಬೇಡ. ಅವಳು ರೊಟ್ಟಿ ಮಾಡ್ತೀನಿ ಅಂದಿದ್ದಾಳೆ."